ಕೊಡೈಕೆನಾಲಿನ ಸುರಂಗದಲ್ಲಿ ಬಿಸಿಲಿನ ಹಾದಿ

ಬೆಳಕು ಒಂದು ವಸ್ತುವಿನ ಮೇಲೆ ಬಿದ್ದಾಗ ನಡೆಯುವ ಸಂಗತಿಗಳು ಕೆಲವೇ. ಅದರ ಒಂದು ಪಾಲು ಮೇಲ್ಮೈಯಿಂದ ಹಿಂದಿರುಗುತ್ತದೆ, ಒಂದು ಪಾಲು ಒಳಹೊಕ್ಕು ದಿಕ್ಕು ಬದಲಿಸಿ ಮುಂದೆ ಸಾಗುತ್ತದೆ, ಒಂದು ಪಾಲು ನಾನಾ ಕಡೆಗೆ ಚದುರುತ್ತದೆ, ಉಳಿದದ್ದನ್ನು ವಸ್ತುವೇ ಹೀರಿಕೊಳ್ಳುತ್ತದೆ. ಯಾವ ಪಾಲು ಎಷ್ಟು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ವಸ್ತುವಿನ ಎಲೆಕ್ಟ್ರಾನುಗಳು. ಬೆಳಕು ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ಅಲೆ. ಅದು ಹಾದುಹೋಗುವಾಗ ಪರಮಾಣುವಿನ ಎಲೆಕ್ಟ್ರಾನುಗಳನ್ನು ಸೆಕೆಂಡಿಗೆ ಸುಮಾರು ಐನೂರು ಲಕ್ಷ ಕೋಟಿ ಸಲ ಅಲುಗಿಸುತ್ತದೆ. ಆ ಅಲುಗಾಟಕ್ಕೆ ಎಲೆಕ್ಟ್ರಾನುಗಳು ಹೇಗೆ ಓಗೊಡುತ್ತವೆ ಎಂಬುದರ ಮೇಲೆ ಒಂದು ವಸ್ತು ಹೊಳೆಯುತ್ತದೆಯೋ, ಪಾರದರ್ಶಕವಾಗಿರುತ್ತದೆಯೋ, ಕಪ್ಪಾಗಿ ಕಾಣುತ್ತದೆಯೋ ಎಂಬುದು ನಿಂತಿದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ನೇರಳೆಯ ತುದಿಯಲ್ಲಿ ಸುಮಾರು 400 ನ್ಯಾನೊಮೀಟರ್, ಕೆಂಪಿನ ತುದಿಯಲ್ಲಿ ಸುಮಾರು 700. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು.

ಈ ಎಲ್ಲ ಬಗೆಯ ಭೇಟಿಗಳೂ ಒಂದೇ ಬಿಸಿಲಕೋಲಿನ ಹಾದಿಯಲ್ಲಿ ಸಾಲಾಗಿ ಸಿಗುವ ಜಾಗವೊಂದು ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿದೆ. ಪಳನಿ ಬೆಟ್ಟಗಳ ಮೇಲೆ, ಸಮುದ್ರಮಟ್ಟದಿಂದ 2,343 ಮೀಟರ್ ಎತ್ತರದಲ್ಲಿರುವ ಕೊಡೈಕೆನಾಲ್ ಸೌರ ವೀಕ್ಷಣಾಲಯವೇ ಅದು. ಬೆಟ್ಟದ ದಕ್ಷಿಣದ ಬುಡದಲ್ಲಿ ಪೆರಿಯಕುಳಂ, ಅದರಾಚೆ ತೇನಿ, ಇನ್ನೂ ಮುಂದೆ ಕಂಬಂ ಕಣಿವೆ. ಕನ್ನಡವೇ ಮನೆಮಾತಾಗಿರುವ ಕಪ್ಪಿಲಿಯ ಮತ್ತು ಅನುಪ್ಪ ಸಮುದಾಯಗಳು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದಿರುವ ಸೀಮೆ ಇದು. ವೀಕ್ಷಣಾಲಯಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ಅದನ್ನು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

ವೀಕ್ಷಣಾಲಯ ಹುಟ್ಟಿದ ಕಾಲಕ್ಕೆ ಹಿನ್ನೆಲೆಯಾಗಿದ್ದದ್ದು ಬರ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಮಹಾಕ್ಷಾಮದ ನಂತರ, ಸೂರ್ಯನ ಮೇಲಿನ ಬದಲಾವಣೆಗಳಿಗೂ ಮಳೆಗೂ ಸಂಬಂಧ ಇರಬಹುದೇ ಎಂಬ ಪ್ರಶ್ನೆ ಬಲವಾಗಿ ಎದ್ದಿತು. ಸೂರ್ಯನನ್ನು ಪ್ರತಿದಿನ ಗಮನಿಸಲು ಧೂಳಿಲ್ಲದ ಎತ್ತರದ ಜಾಗ ಬೇಕಿತ್ತು. ಮದರಾಸು ವೀಕ್ಷಣಾಲಯದ ಚಾರ್ಲ್ಸ್ ಮಿಚಿ ಸ್ಮಿತ್ ಕೋಟಗಿರಿ, ಕೊಡೈಕೆನಾಲ್‌ಗಳನ್ನು ಪರಿಶೀಲಿಸಿ ಕೊಡೈಕೆನಾಲನ್ನು ಆರಿಸಿದರು. 1899ರಲ್ಲಿ ಮದರಾಸಿನಿಂದ ಕೆಲಸ ಇಲ್ಲಿಗೆ ವರ್ಗವಾಯಿತು, 1901ರಲ್ಲಿ ವೀಕ್ಷಣೆ ಶುರುವಾಯಿತು.

ಇಲ್ಲಿಗೆ ತಲುಪುವ ಬೆಳಕು ಮೊದಲು ಭೇಟಿಯಾಗುವ ವಸ್ತು ಭೂಮಿಯ ಮೇಲಿನದಲ್ಲ, ಸೂರ್ಯನದೇ ಅನಿಲ. ಸೂರ್ಯನ ಕಾಣುವ ಮೇಲ್ಮೈಯಿಂದ ಹೊರಟ ಬೆಳಕು ಅದರ ಮೇಲಿನ ತೆಳುವಾದ, ತುಸು ತಣ್ಣಗಿನ ಅನಿಲದ ಪದರಗಳನ್ನು ದಾಟಬೇಕು. ಅನಿಲದಲ್ಲಿ ಪರಮಾಣುಗಳು ಬಿಡಿಬಿಡಿಯಾಗಿರುತ್ತವೆ, ಒಂದೊಂದರ ಎಲೆಕ್ಟ್ರಾನುಗಳಿಗೂ ನಿಗದಿತ ಶಕ್ತಿಮಟ್ಟಗಳಿರುತ್ತವೆ. ಎರಡು ಮಟ್ಟಗಳ ನಡುವಿನ ಅಂತರಕ್ಕೆ ಸರಿಹೊಂದುವ ತರಂಗಾಂತರದ ಬೆಳಕನ್ನು ಮಾತ್ರ ಪರಮಾಣು ಹಿಡಿದುಕೊಳ್ಳುತ್ತದೆ, ಮಿಕ್ಕದ್ದನ್ನು ಹೋಗಗೊಡುತ್ತದೆ. ಹಿಡಿದದ್ದನ್ನು ಮತ್ತೆ ಬಿಟ್ಟರೂ ಅದು ಎಲ್ಲ ದಿಕ್ಕಿಗೂ ಹಂಚಿಹೋಗುವುದರಿಂದ, ನಮ್ಮ ಕಡೆಗೆ ಬರುವ ಬೆಳಕಿನಲ್ಲಿ ಆ ಬಣ್ಣ ಕಡಿಮೆಯಾಗುತ್ತದೆ. ಹೀಗಾಗಿ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಆ ರೋಹಿತದಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಜರ್ಮನಿಯ ಗಾಜಿನ ಕುಶಲಕರ್ಮಿ ಜೋಸೆಫ್ ಫ್ರೌನ್‌ಹೋಫರ್ 1814ರಲ್ಲಿ ಇಂಥ ಐನೂರಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿದರು. ಅವು ಧಾತುಗಳ ಗುರುತುಗಳೆಂದು 1859ರಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ತೋರಿಸಿದರು. ಹಳದಿಯಲ್ಲಿ 589 ನ್ಯಾನೊಮೀಟರಿನ ಆಸುಪಾಸಿನಲ್ಲಿರುವ ಜೋಡಿಗೆರೆ ಸೋಡಿಯಮ್ಮಿನದು, ಅಡುಗೆ ಉಪ್ಪಿನಲ್ಲಿರುವ ಅದೇ ಸೋಡಿಯಂ.

ಕೊಡೈಕೆನಾಲ್ ತನ್ನದಾಗಿ ಮಾಡಿಕೊಂಡ ಗೆರೆ ಮಾತ್ರ ಇನ್ನೊಂದು. ನೇರಳೆಯ ಅಂಚಿನಲ್ಲಿ, 393.4 ನ್ಯಾನೊಮೀಟರಿನಲ್ಲಿರುವ ಕ್ಯಾಲ್ಸಿಯಂನ 'ಕೆ' ಗೆರೆ. ಇದರ ಗಾಢತೆ ಯಾರನ್ನಾದರೂ ದಾರಿತಪ್ಪಿಸುವಂಥದು. ಸೂರ್ಯನಲ್ಲಿ ಒಂದು ಕ್ಯಾಲ್ಸಿಯಂ ಪರಮಾಣುವಿಗೆ ಸುಮಾರು ನಾಲ್ಕೂವರೆ ಲಕ್ಷ ಹೈಡ್ರೋಜನ್ ಪರಮಾಣುಗಳಿವೆ. ಹಾಗಿದ್ದೂ ಕ್ಯಾಲ್ಸಿಯಂನ ಗೆರೆ ಹೈಡ್ರೋಜನ್ನಿನ ಕೆಂಪು ಗೆರೆಗಿಂತ ಬಲವಾಗಿದೆ. ಈ ಒಗಟನ್ನು ಬಿಡಿಸುವ ದಾರಿ ತೋರಿದವರು ಮೇಘನಾದ ಸಾಹಾ, 1920ರಲ್ಲಿ. ಹೈಡ್ರೋಜನ್ ತನ್ನ ಕೆಂಪು ಬೆಳಕನ್ನು ಹೀರಬೇಕಾದರೆ ಅದರ ಎಲೆಕ್ಟ್ರಾನು ಮೊದಲೇ ಎರಡನೆಯ ಮಟ್ಟಕ್ಕೆ ಏರಿರಬೇಕು. ಸೂರ್ಯನ ಮೇಲ್ಮೈಯ ಸುಮಾರು 5,800 ಕೆಲ್ವಿನ್ ಉಷ್ಣತೆಯಲ್ಲಿ ಹಾಗೆ ಏರಿರುವ ಪರಮಾಣು ನೂರು ಕೋಟಿಯಲ್ಲಿ ನಾಲ್ಕೈದು ಮಾತ್ರ. ಕ್ಯಾಲ್ಸಿಯಂ ಆದರೋ ಅದೇ ಉಷ್ಣತೆಯಲ್ಲಿ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನಾಗಿರುತ್ತದೆ, ಆ ಅಯಾನು ತೀರಾ ಕೆಳಮಟ್ಟದಲ್ಲಿದ್ದುಕೊಂಡೇ 393.4ರ ಬೆಳಕನ್ನು ಹಿಡಿಯಬಲ್ಲದು. ಒಂದು ವಸ್ತು ಬೆಳಕನ್ನು ಎಷ್ಟು ಹೀರುತ್ತದೆ ಎಂಬುದಕ್ಕೆ ಅದರ ಪ್ರಮಾಣವೊಂದೇ ಸಾಕ್ಷಿಯಲ್ಲ, ಅದು ಯಾವ ಸ್ಥಿತಿಯಲ್ಲಿದೆ ಎಂಬುದೂ ಮುಖ್ಯ. ಖಗೋಳ ವಿಜ್ಞಾನಕ್ಕೆ ಭಾರತದಿಂದ ಸಂದ ಕೊಡುಗೆಗಳಲ್ಲಿ ಈ ಒಳನೋಟಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು.

'ಕೆ' ಗೆರೆಯ ನಡುಭಾಗದ ಬೆಳಕನ್ನಷ್ಟೇ ಆರಿಸಿಕೊಂಡು ಸೂರ್ಯನ ಚಿತ್ರ ತೆಗೆದರೆ, ಬರಿಯ ಬಿಸಿಲಿನಲ್ಲಿ ಕಾಣದ ಮೇಲಿನ ಪದರ, ಅಂದರೆ ವರ್ಣಗೋಳ ಕಾಣಿಸುತ್ತದೆ. ಕಾಂತಕ್ಷೇತ್ರ ಬಲವಾಗಿರುವ ಕಡೆಗಳು ಅದರಲ್ಲಿ ಪ್ರಕಾಶಮಾನವಾದ ತೇಪೆಗಳಾಗಿ ಮೂಡುತ್ತವೆ. ಕೊಡೈಕೆನಾಲಿನಲ್ಲಿ 20ನೇ ಶತಮಾನದ ಮೊದಲ ದಶಕದಿಂದ 2007ರವರೆಗೆ, ಮೋಡ ಬಿಟ್ಟುಕೊಟ್ಟ ದಿನಗಳಲ್ಲೆಲ್ಲ ಈ ಚಿತ್ರಗಳನ್ನು ತೆಗೆಯಲಾಯಿತು. 1960ರಲ್ಲಿ ಇಲ್ಲಿನ ನಿರ್ದೇಶಕರಾದ ವೇಣು ಬಪ್ಪು ಅದಕ್ಕೂ ಮೊದಲೇ, 1957ರಲ್ಲಿ, ಓಲಿನ್ ವಿಲ್ಸನ್ ಜತೆ ಸೇರಿ ನಕ್ಷತ್ರಗಳಲ್ಲಿ ಇದೇ ಕೆ ಗೆರೆಯ ನಡುವಿನ ಹೊಳಪುಭಾಗದ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದ್ದರು. ವಿಲ್ಸನ್–ಬಪ್ಪು ಪರಿಣಾಮ ಎಂದೇ ಅದು ಪ್ರಸಿದ್ಧ.

ಅನಿಲ ಚಲಿಸುತ್ತಿದ್ದರೆ ಗೆರೆಯ ಜಾಗವೂ ಬದಲಾಗುತ್ತದೆ. ನಮ್ಮತ್ತ ಬರುತ್ತಿದ್ದರೆ ನೇರಳೆಯ ಕಡೆಗೆ, ದೂರ ಸರಿಯುತ್ತಿದ್ದರೆ ಕೆಂಪಿನ ಕಡೆಗೆ. 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಕೊಡೈಕೆನಾಲಿನಲ್ಲಿ ಸೌರಕಲೆಗಳ ರೋಹಿತವನ್ನು ನೋಡುತ್ತಿದ್ದಾಗ, ಕಲೆಯ ಸುತ್ತಲಿನ ಅರೆನೆರಳಿನ ಭಾಗದಲ್ಲಿ ಗೆರೆಗಳು ಓರೆಯಾಗಿರುವುದನ್ನು ಕಂಡರು. ಸೂರ್ಯಬಿಂಬದ ಅಂಚಿನ ಕಡೆ ಅವು ಕೆಂಪಿಗೆ ಜರುಗಿದ್ದವು, ನಡುವಿನ ಕಡೆ ನೇರಳೆಗೆ. ಕಲೆಯ ನಡುವಿನಿಂದ ಅನಿಲ ಸೂರ್ಯನ ಮೇಲ್ಮೈಗುಂಟ ಹೊರಕ್ಕೆ ಹರಿಯುತ್ತಿದೆ ಎಂಬುದೇ ಇದರ ಅರ್ಥ. ಆ ಹರಿವಿನ ವೇಗ ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್. ಎವರ್‌ಶೆಡ್ ಪರಿಣಾಮ ಎಂಬ ಹೆಸರಿನಲ್ಲಿ ಅದು ಇಂದಿಗೂ ಸೌರವಿಜ್ಞಾನದ ಸಕ್ರಿಯ ವಿಷಯ.

ಸೂರ್ಯನನ್ನು ಬಿಟ್ಟ ಬೆಳಕು ಎಂಟು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತು ಬರಿಯ ಬಯಲಿನಲ್ಲಿ ಸಾಗಿ ಬಂದು ಭೂಮಿಯ ಗಾಳಿಗೆ ತಾಗುತ್ತದೆ. ಗಾಳಿಯ ಅಣುಗಳು ಬೆಳಕಿನ ತರಂಗಾಂತರಕ್ಕಿಂತ ಸಾವಿರಪಟ್ಟು ಸಣ್ಣವು. ಅಷ್ಟು ಸಣ್ಣ ಕಣಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ ಎಂದು 1871ರಲ್ಲಿ ರ‍್ಯಾಲೆ ಲೆಕ್ಕ ಹಾಕಿದರು. 400 ನ್ಯಾನೊಮೀಟರಿನ ನೇರಳೆ 700 ನ್ಯಾನೊಮೀಟರಿನ ಕೆಂಪಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಚದುರುತ್ತದೆ. ಬಾನು ನೀಲಿಯಾಗಿರುವುದು ಇದರಿಂದ. ಕಂಬಂ ಕಣಿವೆಯಲ್ಲಿ ನಿಂತು ನೋಡಿದರೆ ಮೇಘಮಲೆ, ವರುಸನಾಡು ಬೆಟ್ಟಸಾಲುಗಳು ದೂರವಾದಷ್ಟೂ ತಿಳಿನೀಲಿಯಾಗಿ ಕಾಣುವುದೂ ಇದರಿಂದಲೇ. ಅಲ್ಲಿನ ಕಾಡು ಹಸಿರೇ. ಆದರೆ ಕಾಡಿಗೂ ಕಣ್ಣಿಗೂ ನಡುವಿನ ಗಾಳಿ ಚದುರಿಸಿದ ನೀಲಿ ಆ ಹಸಿರನ್ನು ಮುಚ್ಚಿಬಿಡುತ್ತದೆ. ಕೊಡೈಕೆನಾಲಿನ ಎತ್ತರದಲ್ಲಿ ವಾಯುಮಂಡಲದ ಸುಮಾರು ಕಾಲುಭಾಗ ಕೆಳಗೇ ಉಳಿದಿರುವುದರಿಂದ ಅಲ್ಲಿ ಬಾನಿನ ನೀಲಿ ಹೆಚ್ಚು ಗಾಢ.

ಮಂಜಿನ ಕತೆ ಬೇರೆ. ಮೋಡದ ಹನಿಗಳು ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲ. ಬೆಳಕಿನ ತರಂಗಾಂತರಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡದು. ಇಂಥ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತವೆ, ಆದ್ದರಿಂದ ಮೋಡ ಬಿಳಿ. ಕಂಬಂ ಕಣಿವೆಯ ಸುರುಳಿ ಜಲಪಾತದ ನೊರೆ ಬಿಳಿಯಾಗಿರುವುದಕ್ಕೂ ಕಾರಣ ಇಂಥದೇ: ನೀರಿಗೂ ಗಾಳಿಗುಳ್ಳೆಗೂ ನಡುವಿನ ಲೆಕ್ಕವಿಲ್ಲದಷ್ಟು ಮೇಲ್ಮೈಗಳಲ್ಲಿ ಬೆಳಕು ಮತ್ತೆ ಮತ್ತೆ ತಿರುಗಿ ಚದುರುತ್ತದೆ.

ಗಾಳಿ ಬೆಳಕನ್ನು ಬಾಗಿಸುತ್ತದೆ ಕೂಡ. ಬಾಗಿಸುವ ಬಲದ ಅಳತೆಯಾದ ವಕ್ರೀಭವನ ಸೂಚ್ಯಂಕ ಗಾಳಿಗೆ ಸಮುದ್ರಮಟ್ಟದಲ್ಲಿ ಸುಮಾರು 1.0003. ಅತ್ಯಲ್ಪ ಎನಿಸಬಹುದು. ಆದರೂ ದಿಗಂತದಲ್ಲಿ ಇದು ಸೂರ್ಯಬಿಂಬವನ್ನು ಅದರ ಅಗಲದಷ್ಟೇ ಮೇಲಕ್ಕೆತ್ತಿ ತೋರಿಸುತ್ತದೆ. ಮುಳುಗುವ ಸೂರ್ಯನ ಕೆಳಅಂಚು ದಿಗಂತಕ್ಕೆ ತಾಗಿದಂತೆ ಕಾಣುವ ಹೊತ್ತಿಗೆ ಸೂರ್ಯ ವಾಸ್ತವವಾಗಿ ದಿಗಂತದ ಕೆಳಗಿರುತ್ತಾನೆ. ದೂರದರ್ಶಕಕ್ಕೆ ಇದಕ್ಕಿಂತ ದೊಡ್ಡ ಕಾಟವೆಂದರೆ ಗಾಳಿಯ ಕದಲಿಕೆ. ಉಷ್ಣತೆ ಒಂದು ಡಿಗ್ರಿ ಬದಲಾದರೆ ಸೂಚ್ಯಂಕ ಹತ್ತು ಲಕ್ಷದಲ್ಲಿ ಒಂದರಷ್ಟು ಬದಲಾಗುತ್ತದೆ. ನೆಲ ಕಾಯುತ್ತ ಬಿಸಿಗಾಳಿ ಏಳತೊಡಗಿದರೆ ಸೂರ್ಯನ ಚಿತ್ರ ಕುದಿಯುವಂತೆ ಅಲುಗುತ್ತದೆ. ಸೂರ್ಯವೀಕ್ಷಕರು ಬೆಳಗಿನ ಮೊದಲ ಗಂಟೆಗಳಿಗೆ ಬೆಲೆ ಕೊಡುವುದು ಇದಕ್ಕಾಗಿ. 1958ರ ಸುಮಾರಿಗೆ ಬಂದ ಕೊಡೈಕೆನಾಲಿನ ಸುರಂಗ ದೂರದರ್ಶಕದ ಕನ್ನಡಿಗಳನ್ನು ನೆಲದಿಂದ 11 ಮೀಟರ್ ಎತ್ತರದ ಗೋಪುರದ ಮೇಲೆ ಇಟ್ಟು, ಅಲ್ಲಿಂದ ಬೆಳಕನ್ನು ನೆಲದಡಿಯ 60 ಮೀಟರ್ ಉದ್ದದ ಸುರಂಗಕ್ಕೆ ಇಳಿಸಿರುವುದೂ ಇದಕ್ಕಾಗಿಯೇ.

ಗೋಪುರದ ಮೇಲೆ ಬೆಳಕನ್ನು ಎದುರುಗೊಳ್ಳುವುದು ಲೋಹ. ಇಲ್ಲಿನ 60 ಸೆಂಟಿಮೀಟರ್ ಅಗಲದ ಕನ್ನಡಿಗಳ ಒಡಲು ಕರಗಿಸಿ ಎರೆದ ಕ್ವಾರ್ಟ್ಜ್. ದಿನವಿಡೀ ಬಿಸಿಲಿಗೆ ಒಡ್ಡಿಕೊಂಡರೂ ಅದು ಸಾಮಾನ್ಯ ಗಾಜಿನಷ್ಟು ಹಿಗ್ಗುವುದಿಲ್ಲ, ಆಕಾರ ಕೆಡುವುದಿಲ್ಲ. ಬೆಳಕನ್ನು ತಿರುಗಿಸುವ ಕೆಲಸ ಮಾತ್ರ ಅದರದ್ದಲ್ಲ, ಇಂಥ ಕನ್ನಡಿಗಳ ಮುಖಕ್ಕೆ ಹಿಡಿಸುವ ಲೋಹದ ತೆಳುಲೇಪದ್ದು. ಲೋಹದಲ್ಲಿ ಕೆಲವು ಎಲೆಕ್ಟ್ರಾನುಗಳು ಯಾವ ಪರಮಾಣುವಿಗೂ ಅಂಟಿಕೊಂಡಿರುವುದಿಲ್ಲ. ಬೆಳಕಿನ ಅಲೆ ಬಂದೊಡನೆ ಅವು ಅದರ ತಾಳಕ್ಕೆ ಕುಣಿದು ಅದೇ ಆವರ್ತನದ ಅಲೆಯನ್ನು ಹಿಂದಕ್ಕೆ ಕಳಿಸುತ್ತವೆ, ಒಳಹೊಕ್ಕ ಅಲ್ಪಭಾಗ ಕೆಲವೇ ಹತ್ತು ನ್ಯಾನೊಮೀಟರುಗಳಲ್ಲಿ ಅಳಿದುಹೋಗುತ್ತದೆ. ಹಾಗಾಗಿ ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ಲೇಪ ಒಂದು ಒಳ್ಳೆಯ ಕನ್ನಡಿಗೆ ಸಾಕು. ಬಿದ್ದ ಬೆಳಕಿನ ಸುಮಾರು ಶೇಕಡಾ 90 ಪಾಲು ಅದರಿಂದ ಮರಳುತ್ತದೆ. ಬೆಳ್ಳಿ ಇದಕ್ಕಿಂತ ಹೆಚ್ಚು ಮರಳಿಸುತ್ತದೆ, ಆದರೆ ಗಾಳಿಯಲ್ಲಿನ ಗಂಧಕದ ಸಂಯುಕ್ತಗಳಿಂದ ಬೇಗ ಕಪ್ಪಾಗುತ್ತದೆ. ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಪಾರದರ್ಶಕ ಆಕ್ಸೈಡಿನ ತೆಳುಪೊರೆ ಬೆಳೆಸಿಕೊಂಡು ಉಳಿಯುತ್ತದೆ.

ಎಲ್ಲ ಲೋಹವೂ ಎಲ್ಲ ಬಣ್ಣಕ್ಕೂ ಒಂದೇ ರೀತಿ ಕನ್ನಡಿಯಾಗುವುದಿಲ್ಲ. ಇದಕ್ಕೆ ಬೆಟ್ಟದ ಕೆಳಗಿನ ದಿಂಡಿಗಲ್ ಪಟ್ಟಣವೇ ಸಾಕ್ಷಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಅಲ್ಲಿನ ಕೈಕೆಲಸದ ಬೀಗಗಳಲ್ಲಿ ಕಬ್ಬಿಣವೂ ಹಿತ್ತಾಳೆಯೂ ಇರುತ್ತವೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ತಾಮ್ರದ ಒಳಗಿನ ಎಲೆಕ್ಟ್ರಾನುಗಳು ನೀಲಿ, ನೇರಳೆ ಬೆಳಕನ್ನು ಹೀರಬಲ್ಲವು, ಆದ್ದರಿಂದ ಮರಳುವ ಬೆಳಕಿನಲ್ಲಿ ಹಳದಿ, ಕೆಂಪು ಮೇಲುಗೈ ಪಡೆಯುತ್ತವೆ. ಕಬ್ಬಿಣ ಎಲ್ಲ ಬಣ್ಣವನ್ನೂ ಸುಮಾರು ಅರ್ಧದಷ್ಟು ಮಾತ್ರ ಮರಳಿಸುವುದರಿಂದ ಬೂದುಬಣ್ಣದ್ದಾಗಿ ಕಾಣುತ್ತದೆ. ಅರ ಹಾಕಿದ ಬೀಗದ ಮೈ ಮಂಕಾಗಿ, ಪಾಲಿಶ್ ಮಾಡಿದ ಮೈ ಹೊಳೆದು ಕಾಣುವುದರಲ್ಲಿ ಲೋಹದ ಗುಣ ಬದಲಾಗಿರುವುದಿಲ್ಲ. ಅರದ ಗೀರುಗಳು ಬೆಳಕಿನ ತರಂಗಾಂತರಕ್ಕಿಂತ ದೊಡ್ಡವು, ಅವು ಬೆಳಕನ್ನು ನಾನಾ ಕಡೆ ಎರಚುತ್ತವೆ. ಉಬ್ಬುತಗ್ಗುಗಳು ತರಂಗಾಂತರಕ್ಕಿಂತ ಎಷ್ಟೋ ಸಣ್ಣದಾಗುವವರೆಗೆ ಉಜ್ಜಿದರೆ ಅದೇ ಲೋಹ ಮುಖ ತೋರಿಸುತ್ತದೆ. ಸೂರ್ಯನ ಚಿತ್ರ ಕೆಡದಂತೆ ಹಿಡಿಯುವ ಕನ್ನಡಿಗೂ ಬೇಕಾದದ್ದು ಇದೇ ನಯ.

ಸುರಂಗದೊಳಗೆ ಬೆಳಕು ಗಾಜನ್ನು ಹಾಯುತ್ತದೆ. ಗಾಜಿನ ಎಲೆಕ್ಟ್ರಾನುಗಳು ಬಿಗಿಯಾಗಿ ಕಟ್ಟಿಹಾಕಿದಂತಿರುತ್ತವೆ, ಕಾಣುವ ಬೆಳಕಿನ ಶಕ್ತಿ ಅವನ್ನು ಮೇಲಿನ ಮಟ್ಟಕ್ಕೆ ಏರಿಸಲು ಸಾಲದು. ಹೀರಲಾಗದ ಬೆಳಕನ್ನು ಗಾಜು ಬಿಟ್ಟುಕೊಡುತ್ತದೆ. ಹೆಚ್ಚು ಶಕ್ತಿಯ ನೇರಳಾತೀತ ಕಿರಣ ಬಂದರೆ ಇದೇ ಸಾಮಾನ್ಯ ಗಾಜು ಬಹುಪಾಲು ತಡೆಯೊಡ್ಡುತ್ತದೆ. ಬಿಟ್ಟುಕೊಟ್ಟರೂ ಗಾಜು ಬೆಳಕನ್ನು ನಿಧಾನಗೊಳಿಸದೆ ಬಿಡದು. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಇದ್ದ ವೇಗ ಗಾಜಿನಲ್ಲಿ 2 ಲಕ್ಷಕ್ಕೆ, ನೀರಿನಲ್ಲಿ ಎರಡೂಕಾಲು ಲಕ್ಷಕ್ಕೆ, ವಜ್ರದಲ್ಲಿ ಒಂದೂಕಾಲು ಲಕ್ಷಕ್ಕೆ ಇಳಿಯುತ್ತದೆ. ಓರೆಯಾಗಿ ಬಂದ ಬೆಳಕಿನ ಒಂದು ಅಂಚು ಮೊದಲು ನಿಧಾನವಾದಾಗ ಇಡೀ ಅಲೆ ತಿರುಗುತ್ತದೆ. ಮಸೂರದ ಕೆಲಸವೆಲ್ಲ ಇಷ್ಟೇ.

ಈ ನಿಧಾನ ಎಲ್ಲ ಬಣ್ಣಕ್ಕೂ ಒಂದೇ ಅಲ್ಲ. ಮಸೂರಗಳಿಗೆ ಬಳಸುವ ಒಂದು ಸಾಮಾನ್ಯ ಕ್ರೌನ್ ಗಾಜಿನ ಸೂಚ್ಯಂಕ ಕೆಂಪಿಗೆ 1.514, ನೀಲಿಗೆ 1.522. ಹೀಗಾಗಿ ಒಂಟಿ ಮಸೂರ ಕೆಂಪನ್ನು ಒಂದು ಕಡೆ, ನೀಲಿಯನ್ನು ಇನ್ನೊಂದು ಕಡೆ ಕೇಂದ್ರೀಕರಿಸುತ್ತದೆ. ಬೇರೆ ಬೇರೆ ಗಾಜಿನ ಎರಡು ಮಸೂರಗಳನ್ನು ಜೋಡಿಸಿ, ಒಂದರ ದೋಷವನ್ನು ಇನ್ನೊಂದರಿಂದ ತಿದ್ದುವ ಉಪಾಯ ಹಳೆಯದು. ಕೊಡೈಕೆನಾಲಿನ 38 ಸೆಂಟಿಮೀಟರ್ ಅಗಲದ ಮಸೂರವೂ ಅಂಥ ಜೋಡಿ. ಅದು ಮೂಡಿಸುವ ಸೂರ್ಯಬಿಂಬದ ಅಗಲ 34 ಸೆಂಟಿಮೀಟರ್. ಮಸೂರದಲ್ಲಿ ಕಾಟ ಕೊಡುವ ಇದೇ ಬಣ್ಣಭೇದ ಸುರುಳಿ ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲಾಗುತ್ತದೆ. ಹನಿಯೊಳಗೆ ಹೊಕ್ಕು, ಹಿಂಬದಿಯಿಂದ ಮರಳಿ ಹೊರಬರುವ ಬೆಳಕಿನಲ್ಲಿ ಕೆಂಪು ಸುಮಾರು 42 ಡಿಗ್ರಿಯಲ್ಲಿ, ನೇರಳೆ ಸುಮಾರು 40 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತವರಿಗೆ ಮಾತ್ರ ಅದು ಕಾಣುವುದು ಈ ಕೋನಗಳ ಕಾರಣದಿಂದ.

ಪಾರದರ್ಶಕ ವಸ್ತುವಿನಲ್ಲೂ ಬೆಳಕಿನ ಬಣ್ಣ ಬದಲಾಗಬಹುದೆಂದು ತೋರಿಸಿದವರು ಸಿ.ವಿ. ರಾಮನ್. 1921ರ ಸಮುದ್ರಯಾನದಲ್ಲಿ ಮೆಡಿಟರೇನಿಯನ್ನಿನ ನೀಲಿ ಅವರನ್ನು ಕಾಡಿತು; ಅದು ಬಾನಿನ ಪ್ರತಿಬಿಂಬವಷ್ಟೇ ಅಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಎಂದು ಅವರು ತೋರಿಸಿದರು. ಆ ದಾರಿಯಲ್ಲೇ ಮುಂದುವರಿದು, 1928ರ ಫೆಬ್ರುವರಿ 28ರಂದು, ಚದುರಿದ ಬೆಳಕಿನ ತೀರಾ ಸಣ್ಣ ಪಾಲು ಅಣುಗಳೊಡನೆ ಶಕ್ತಿ ಕೊಟ್ಟು ತೆಗೆದುಕೊಂಡು ಬೇರೆ ತರಂಗಾಂತರದಲ್ಲಿ ಹೊರಬರುವುದನ್ನು ಕಂಡರು. ಹರಳು, ಚಿಪ್ಪು, ಹೂಗಳ ಬಣ್ಣಗಳ ಮೇಲಿನ ಅವರ ಮುಂದಿನ ಕೆಲಸ ಬಹುಪಾಲು ನಡೆದದ್ದು ಬೆಂಗಳೂರಿನಲ್ಲಿ.

ಸುರಂಗದ ಕೊನೆಯಲ್ಲಿ ಬಿಂಬದ ಒಂದು ಎಳೆಯಷ್ಟು ಬೆಳಕು ಸಣ್ಣ ಸೀಳಿನಿಂದ ಹಾಯ್ದು, ಮಿಲಿಮೀಟರಿಗೆ 600 ಗೀರುಗಳಿರುವ ಗ್ರೇಟಿಂಗ್ ಮೇಲೆ ಬೀಳುತ್ತದೆ. ಪ್ರತಿ ಗೀರಿನಿಂದ ಹೊರಟ ಅಲೆಗಳು ಒಂದರೊಡನೊಂದು ಸೇರಿ ಒಂದೊಂದು ಬಣ್ಣಕ್ಕೆ ಒಂದೊಂದು ದಿಕ್ಕನ್ನು ಗೊತ್ತುಮಾಡುತ್ತವೆ. ಇಲ್ಲಿ ಕೆಲಸ ಮಾಡುವುದು ವಸ್ತುವಿನ ಗುಣಕ್ಕಿಂತ ಮೇಲ್ಮೈಯ ಆಕಾರ. ಇಲ್ಲಿನ ರೋಹಿತದರ್ಶಕ ಬೆಳಕನ್ನು ಎಷ್ಟು ಹರಡಬಲ್ಲದೆಂದರೆ, ನ್ಯಾನೊಮೀಟರಿನ ಹತ್ತನೇ ಒಂದು ಭಾಗ 9 ಮಿಲಿಮೀಟರ್ ಅಗಲವಾಗುತ್ತದೆ. ಎವರ್‌ಶೆಡ್ ಕಂಡ ಸೆಕೆಂಡಿಗೆ ಎರಡು ಕಿಲೋಮೀಟರಿನ ಹರಿವು 630 ನ್ಯಾನೊಮೀಟರಿನ ಗೆರೆಯನ್ನು ಇದರಲ್ಲಿ ಸುಮಾರು 0.4 ಮಿಲಿಮೀಟರ್ ಜರುಗಿಸುತ್ತದೆ. ಬರಿಗಣ್ಣಿಗೂ ಎಟುಕುವ ಅಳತೆ.

ಕನ್ನಡಿಗೆ ಸಿಗದ ಬಿಸಿಲು ಕಣಿವೆಯ ಪೈರಿನ ಮೇಲೆ ಬೀಳುತ್ತದೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರುಂಡು ಬೆಳೆಯುವ ಕಂಬಂ ಕಣಿವೆಯ ಭತ್ತದ ಎಲೆಯೊಳಗಿನ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೀರುತ್ತದೆ, ಹಸಿರಿನ ಒಂದಷ್ಟು ಪಾಲನ್ನು ಹಿಂದಿರುಗಿಸುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆ ಹೀರುವುದೇ ಕಡಿಮೆ. ಒಳಗಿನ ಕೋಶಗಳಿಗೂ ಗಾಳಿಗೂ ನಡುವೆ ಚದುರಿಸಿ ಸುಮಾರು ಅರ್ಧದಷ್ಟನ್ನು ಹೊರಗೆಸೆಯುತ್ತದೆ. 1988ರ ಐಆರ್‌ಎಸ್-1ಎ ಮೊದಲ್ಗೊಂಡು ಇಸ್ರೋದ ದೂರಸಂವೇದಿ ಉಪಗ್ರಹಗಳು ಬೆಳೆಯ ಆರೋಗ್ಯವನ್ನು ಅಳೆಯುವುದು ಕೆಂಪು ಮತ್ತು ಅವಕೆಂಪಿನ ನಡುವಿನ ಈ ವ್ಯತ್ಯಾಸದಿಂದ. ನೀರು ಹಾಯಿಸಿದ ಹೊಲದ ಮಣ್ಣು ಕಪ್ಪಾಗಿ ಕಾಣುವುದಕ್ಕೆ ಕಾರಣ ಬೇರೆ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬಿದಾಗ ಸೂಚ್ಯಂಕದ ಅಂತರ ಕಡಿಮೆಯಾಗಿ ಚದುರಿಕೆ ತಗ್ಗುತ್ತದೆ, ಬೆಳಕು ಹೆಚ್ಚು ಆಳಕ್ಕೆ ಹೋಗಿ ಹೀರಿಹೋಗುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿಯ ಮೇಲಿನ ಬೂದಿಯಂಥ ಛಾಯೆ ಧೂಳಲ್ಲ, ಹಣ್ಣು ತಾನೇ ಸ್ರವಿಸಿದ ಮೇಣ. ಅದರ ಸೂಕ್ಷ್ಮಕಣಗಳು ಬೆಳಕನ್ನು ಚದುರಿಸಿ ಬಿಳಿಚು ತರುತ್ತವೆ. ಬೆರಳಿನಿಂದ ಉಜ್ಜಿದರೆ ಸಿಪ್ಪೆಯ ಆಂಥೋಸಯನಿನ್ನಿನ ಕಡುನೇರಳೆ ಹೊಳೆಯುತ್ತದೆ.

ಬಿಸಿಲಕೋಲಿನ ಹಾದಿ ಮುಗಿಯುತ್ತಿದ್ದದ್ದು ಛಾಯಾಫಲಕದಲ್ಲಿ. ಬೆಳ್ಳಿಯ ಬ್ರೋಮೈಡಿನ ಹರಳಿಗೆ ಬೆಳಕು ಬಡಿದಾಗ ಒಂದು ಎಲೆಕ್ಟ್ರಾನು ಬಿಡುಗಡೆಯಾಗಿ ಒಂದು ಬೆಳ್ಳಿಯ ಅಯಾನನ್ನು ಪರಮಾಣುವಾಗಿಸುತ್ತದೆ. ಅಂಥ ನಾಲ್ಕಾರು ಪರಮಾಣುಗಳು ಒಂದೆಡೆ ಸೇರಿದರೆ ಸಾಕು, ಸಂಸ್ಕರಣ ದ್ರಾವಣದಲ್ಲಿ ಇಡೀ ಹರಳು ಬೆಳ್ಳಿಯಾಗಿಬಿಡುತ್ತದೆ. ಕನ್ನಡಿಯಲ್ಲಿ ಶೇಕಡಾ 95ರಷ್ಟು ಬೆಳಕನ್ನು ಮರಳಿಸುವ ಬೆಳ್ಳಿ ಇಲ್ಲಿ ಕಪ್ಪು. ನುಣುಪಾದ ಹಾಳೆಯ ಬದಲು ಸಿಕ್ಕುಸಿಕ್ಕಾದ ಸೂಕ್ಷ್ಮ ಎಳೆಗಳಾಗಿರುವುದರಿಂದ ಬೆಳಕು ಅದರೊಳಗೆ ಸಿಲುಕಿ ಹೀರಿಹೋಗುತ್ತದೆ. ವಸ್ತು ಯಾವುದು ಎಂಬುದರಷ್ಟೇ ಅದು ಯಾವ ರೂಪದಲ್ಲಿದೆ ಎಂಬುದೂ ಬೆಳಕಿಗೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕೆ ಗೆರೆಯ ಚಿತ್ರಗಳಿರುವ ಹಳೆಯ ಫಲಕಗಳನ್ನು, ಫಿಲ್ಮುಗಳನ್ನು ಈಗ ಡಿಜಿಟಲ್ ರೂಪಕ್ಕೆ ತರಲಾಗಿದೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುವ ಸೌರಚಕ್ರದ ಸುಮಾರು ಒಂಬತ್ತು ಆವರ್ತನಗಳ ದಾಖಲೆ ಅವುಗಳಲ್ಲಿದೆ. ಒಂದೇ ಜಾಗದಿಂದ ಇಷ್ಟು ದೀರ್ಘ ಕಾಲ ತೆಗೆದ ಕ್ಯಾಲ್ಸಿಯಂ ಚಿತ್ರಗಳು ಜಗತ್ತಿನಲ್ಲಿ ವಿರಳ. ಕೊಡೈಕೆನಾಲಿಗೆ ಪ್ರವಾಸ ಹೋಗುವ ಕನ್ನಡಿಗರು ಕೆರೆ, ಕೋಕರ್ಸ್ ವಾಕ್ ನೋಡಿ ಮರಳುವ ಮುನ್ನ ವೀಕ್ಷಣಾಲಯದ ವಸ್ತುಸಂಗ್ರಹಾಲಯಕ್ಕೂ ಹೋಗಬೇಕು. ಜತೆಗೆ ಮಕ್ಕಳಿದ್ದರೆ ತಪ್ಪದೆ ಕರೆದೊಯ್ಯಬೇಕು. ಬಿಸಿಲಿರುವ ದಿನ ಅಲ್ಲಿ ಸೂರ್ಯನ ಬಿಂಬವನ್ನೂ ಫ್ರೌನ್‌ಹೋಫರನ ಕಪ್ಪು ಗೆರೆಗಳನ್ನೂ ನೇರವಾಗಿ ತೋರಿಸುವ ಏರ್ಪಾಡಿದೆ.